ಓದಲು ಹಿಂಜರಿಯುವ ಆರು ವರ್ಷದ ಮಗು: ಮೊದಲು ಆತ್ಮವಿಶ್ವಾಸವೇ, ಮೊದಲು ಅಕ್ಷರವೇ?

ಹೊಸಪಾಟಿ (ಚರ್ಚೆ ಆರಂಭಿಸಿದವರು)

ಮಗು ತನ್ನ ಬಗ್ಗೆ ತಾನೇ ಕಟ್ಟಿಕೊಳ್ಳುವ ಚಿತ್ರಕ್ಕೂ ಶಾಲೆಯ ಮೊದಲ ವರ್ಷಗಳ ಕಲಿಕೆಗೂ ಇರುವ ಸಂಬಂಧವನ್ನು ಬಲ್ಲವರಿಂದ ತಿಳಿಯಬೇಕೆಂದು ಈ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ನನ್ನ ಮಗನಿಗೆ ಆರು ವರ್ಷ ತುಂಬಿದೆ, ಒಂದನೇ ತರಗತಿಯಲ್ಲಿದ್ದಾನೆ. ಆಟದಲ್ಲಿ, ಚಿತ್ರ ಬರೆಯುವುದರಲ್ಲಿ, ಕಥೆ ಹೇಳುವುದರಲ್ಲಿ ಚುರುಕಾಗಿರುವ ಅವನು ಪುಸ್ತಕ ತೆರೆದೊಡನೆ ‘ನನಗೆ ಬರಲ್ಲ, ನಾನು ದಡ್ಡ’ ಎಂದು ಹೇಳಿ ಎದ್ದು ಹೋಗುತ್ತಾನೆ. ಮೊದಲು ಅವನ ಆತ್ಮವಿಶ್ವಾಸವನ್ನು ಬೆಳೆಸಬೇಕು, ಹೊಗಳಿ ಹುರಿದುಂಬಿಸಬೇಕು, ಓದು ಅದರ ಬೆನ್ನಿಗೇ ಬರುತ್ತದೆ ಎಂಬುದು ನನ್ನ ಪತ್ನಿಯ ಅಭಿಪ್ರಾಯ. ಓದು ಬಂದರೆ ಆತ್ಮವಿಶ್ವಾಸ ತಾನಾಗಿಯೇ ಬರುತ್ತದೆ, ಆದ್ದರಿಂದ ಪಟ್ಟು ಹಿಡಿದು ಕೂರಿಸಿ ಕಲಿಸಬೇಕು ಎಂಬುದು ನನ್ನದು. ಎರಡೂ ಮಾತು ಒಪ್ಪುವಂತೆಯೇ ಕಾಣುವುದರಿಂದ ಒಂದು ವಾರ ಹೀಗೆ, ಇನ್ನೊಂದು ವಾರ ಹಾಗೆ ಎಂದು ಓಲಾಡುತ್ತಿದ್ದೇವೆ. ಸಂಶೋಧನೆ ಏನು ಹೇಳುತ್ತದೆ, ತರಗತಿಯ ಅನುಭವ ಏನು ಹೇಳುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ಎಳೆಬಿಸಿಲು (ಒಂದು ಮತ್ತು ಎರಡನೇ ತರಗತಿಗಳ ಶಿಕ್ಷಕಿ)

ಯಾವುದು ಮೊದಲು ಎಂಬ ಪ್ರಶ್ನೆಗೆ ಬರುವ ಮುನ್ನ ಒಂದು ವಿಷಯವನ್ನು ತಮ್ಮ ಗಮನಕ್ಕೆ ತರುತ್ತೇನೆ. ಐದಾರು ವರ್ಷದ ಮಕ್ಕಳನ್ನು ‘ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವರು ಯಾರು?’ ಎಂದು ಕೇಳಿದರೆ ಹೆಚ್ಚಿನವರು ಸಂಕೋಚವಿಲ್ಲದೆ ‘ನಾನೇ’ ಎನ್ನುತ್ತಾರೆ. ಅಕ್ಷರಗಳನ್ನು ಇನ್ನೂ ಗುರುತಿಸಲಾಗದ ಮಗುವೂ ಹಾಗೆಯೇ ಕೈ ಎತ್ತುತ್ತದೆ. ಇದು ಸುಳ್ಳೂ ಅಲ್ಲ, ಜಂಬವೂ ಅಲ್ಲ. ಆ ವಯಸ್ಸಿನಲ್ಲಿ ಶ್ರಮ ಮತ್ತು ಸಾಮರ್ಥ್ಯ ಎಂಬ ಎರಡು ಬೇರೆ ಬೇರೆ ಸಂಗತಿಗಳಿವೆ ಎಂಬ ತಿಳಿವಳಿಕೆಯೇ ಮಕ್ಕಳಲ್ಲಿ ಪೂರ್ತಿಯಾಗಿ ಮೂಡಿರುವುದಿಲ್ಲ ಎಂದು ಜಾನ್ ನಿಕೋಲ್ಸ್ ಎಂಬ ಮನೋವಿಜ್ಞಾನಿ 1978ರಲ್ಲಿ ತೋರಿಸಿದ್ದಾರೆ. ಹೆಚ್ಚು ಕಷ್ಟಪಟ್ಟವನೇ ಹೆಚ್ಚು ಜಾಣ ಎಂಬುದು ಚಿಕ್ಕ ಮಕ್ಕಳ ಲೆಕ್ಕ. ‘ನಾನು ಬೇಗ ಕಲಿಯುತ್ತೇನೆ, ಅವನು ನಿಧಾನ’ ಎಂಬ ಬಗೆಯ ತೂಗಿ ನೋಡುವಿಕೆ ಗಟ್ಟಿಯಾಗುವುದು ಏಳೆಂಟು ವರ್ಷದ ನಂತರ.

ಆದ್ದರಿಂದಲೇ ಆರನೇ ವಯಸ್ಸಿನಲ್ಲಿ ‘ನನಗೆ ಬರಲ್ಲ’ ಎಂದು ಮತ್ತೆ ಮತ್ತೆ ಹೇಳುವ ಮಗುವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಮಾತು ವಯಸ್ಸಿನ ಸಹಜ ಪ್ರವೃತ್ತಿಗೆ ವಿರುದ್ಧವಾಗಿ ಬಂದದ್ದು, ಹಾಗಾಗಿ ಅದರ ಹಿಂದೆ ಕಾರಣವೊಂದು ಇದ್ದೇ ಇರುತ್ತದೆ. ನನ್ನ ಅನುಭವದಲ್ಲಿ ಆ ಕಾರಣ ಎರಡರಲ್ಲಿ ಒಂದು. ಒಂದೋ ಮಗು ನಿಜವಾಗಿಯೂ ಓದಿನ ಯಾವುದೋ ಒಂದು ಮೆಟ್ಟಿಲಲ್ಲಿ ಸಿಕ್ಕಿಕೊಂಡಿದೆ. ಇಲ್ಲವೇ ಯಾರೋ ಅದಕ್ಕೆ ಆ ಮಾತನ್ನು ಕೊಟ್ಟಿದ್ದಾರೆ. ‘ನನಗೆ ಬರಲ್ಲ’ ಎಂಬುದನ್ನು ಮಗು ತಾನಾಗಿ ಕಂಡುಕೊಂಡಿರಬಹುದು, ಆದರೆ ‘ದಡ್ಡ’ ಎಂಬ ಪದವನ್ನು ಅದು ಎಲ್ಲಿಂದಲೋ ಕೇಳಿಯೇ ತಂದಿರುತ್ತದೆ. ಅದು ಯಾರ ಬಾಯಿಂದ ಬಂತೆಂದು ಮೆಲ್ಲಗೆ ವಿಚಾರಿಸಿ. ಜೊತೆಗೆ ಇನ್ನೊಂದನ್ನು ನೋಡಿ ತಿಳಿಸಿ: ಪುಸ್ತಕವಿಲ್ಲದೆ, ಬರೀ ಬಾಯಿಮಾತಿನಲ್ಲಿ ‘ಮರ’ ಎಂಬ ಪದದಲ್ಲಿ ಎಷ್ಟು ದನಿಗಳಿವೆ, ‘ಮ’ ತೆಗೆದರೆ ಉಳಿಯುವುದೇನು ಎಂದು ಕೇಳಿದರೆ ಅವನು ಹೇಳಬಲ್ಲನೇ?

ಅಂಕಿಅಂಶ (ಶೈಕ್ಷಣಿಕ ಮನೋವಿಜ್ಞಾನದಲ್ಲಿ ಸಂಶೋಧಕ)

ಹೊಸಪಾಟಿಯವರು ಕೇಳಿದ ಪ್ರಶ್ನೆಗೆ ಆರು ದಶಕಗಳ ಇತಿಹಾಸವಿದೆ. ವಿಲಿಯಂ ವಾಟೆನ್‌ಬರ್ಗ್ ಮತ್ತು ಕ್ಲೇರ್ ಕ್ಲಿಫರ್ಡ್ 1964ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಿಸುತ್ತಾರೆ. ಅವರು ಓದು ಕಲಿಯುವ ಮೊದಲೇ, ಕಿಂಡರ್‌ಗಾರ್ಟನ್ ಹಂತದಲ್ಲಿಯೇ ಮಕ್ಕಳ ಸ್ವಪರಿಕಲ್ಪನೆಯನ್ನು, ಅಂದರೆ ತಮ್ಮ ಬಗ್ಗೆ ತಾವೇ ಕಟ್ಟಿಕೊಂಡ ಚಿತ್ರವನ್ನು, ಅಳೆದು, ಸುಮಾರು ಎರಡೂವರೆ ವರ್ಷಗಳ ನಂತರ ಅದೇ ಮಕ್ಕಳ ಓದಿನ ಮಟ್ಟವನ್ನು ನೋಡಿದರು. ಮುಂದಿನ ಓದಿನ ಸಾಧನೆಯನ್ನು ಊಹಿಸುವುದರಲ್ಲಿ ಬುದ್ಧಿಮಟ್ಟದ ಪರೀಕ್ಷೆಗಿಂತ ಮಗು ತನ್ನನ್ನು ಹೇಗೆ ಕಾಣುತ್ತದೆ ಎಂಬುದೇ ಹೆಚ್ಚು ನೆರವಾಯಿತೆಂದು ಅವರು ವರದಿ ಮಾಡಿದರು. ಮೊದಲು ಆತ್ಮವಿಶ್ವಾಸ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿರಲಿಲ್ಲ.

ಆದರೆ ಮುಂದೆ ಬರುವುದನ್ನು ಊಹಿಸಲು ನೆರವಾಗುವ ಅಂಶವೇ ಅದಕ್ಕೆ ಕಾರಣವೂ ಆಗಿರಬೇಕೆಂದಿಲ್ಲ. ಮನೆಯಲ್ಲಿ ಕಥೆ ಓದಿ ಹೇಳುವ, ಪ್ರಶ್ನೆ ಕೇಳಿದರೆ ಉತ್ತರಿಸುವ ಹಿರಿಯರಿದ್ದರೆ ಮಗುವಿಗೆ ತನ್ನ ಬಗ್ಗೆ ಒಳ್ಳೆಯ ಭಾವನೆಯೂ ಬೆಳೆಯುತ್ತದೆ, ಓದಿಗೆ ಬೇಕಾದ ಭಾಷೆಯೂ ಬೆಳೆಯುತ್ತದೆ. ಆಗ ಎರಡರ ಬೇರೂ ಮೂರನೆಯ ಒಂದರಲ್ಲಿರುತ್ತದೆ. 1977ರಲ್ಲಿ ಕ್ಯಾಲ್ಸಿನ್ ಮತ್ತು ಕೆನ್ನಿ ಈ ಗೊಂದಲವನ್ನು ಎರಡು ಸ್ಪಷ್ಟ ಊಹೆಗಳಾಗಿ ಬಿಡಿಸಿಟ್ಟರು. ಸ್ವಪರಿಕಲ್ಪನೆಯೇ ಸಾಧನೆಯನ್ನು ಮೇಲೆತ್ತುತ್ತದೆ ಎಂಬುದು ಒಂದು, ಸಾಧನೆಯೇ ಸ್ವಪರಿಕಲ್ಪನೆಯನ್ನು ರೂಪಿಸುತ್ತದೆ ಎಂಬುದು ಇನ್ನೊಂದು. ಅಂದರೆ ಹೊಸಪಾಟಿಯವರ ಮನೆಯ ಎರಡು ಅಭಿಪ್ರಾಯಗಳು ಆಗಲೇ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು.

ಆ ನಂತರದ ಅಧ್ಯಯನಗಳು ಒಂದೇ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ, ಪ್ರತಿ ವರ್ಷವೂ ಎರಡನ್ನೂ ಅಳೆದವು. ಹೆಲ್ಮ್‌ಕೆ ಮತ್ತು ವ್ಯಾನ್ ಆಕೆನ್ 1995ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಗಣಿತ ಕಲಿಕೆಯನ್ನು ಪರಿಶೀಲಿಸಿ, ಈ ವಯಸ್ಸಿನಲ್ಲಿ ಪ್ರಭಾವ ಬಹುಮಟ್ಟಿಗೆ ಸಾಧನೆಯಿಂದ ಸ್ವಪರಿಕಲ್ಪನೆಯ ಕಡೆಗೆ ಹರಿಯುತ್ತದೆ ಎಂದರು. ಗೇ, ಮಾರ್ಷ್ ಮತ್ತು ಬುವಾವೆನ್ 2003ರಲ್ಲಿ ಎರಡು, ಮೂರು, ನಾಲ್ಕನೇ ತರಗತಿಗಳ ಮಕ್ಕಳನ್ನು ನೋಡಿ, ಪ್ರಭಾವ ಎರಡೂ ದಿಕ್ಕಿನಲ್ಲಿ ಇದೆ, ಒಂದು ಇನ್ನೊಂದನ್ನು ಬಲಪಡಿಸುತ್ತದೆ ಎಂದರು. ಅವರದೇ ಇನ್ನೊಂದು ಫಲಿತಾಂಶ ನಮಗೆ ಹೆಚ್ಚು ಉಪಯುಕ್ತ: ವಯಸ್ಸು ಏರಿದಂತೆ ಮಕ್ಕಳ ಸ್ವಪರಿಕಲ್ಪನೆ ಹೆಚ್ಚು ಸ್ಥಿರವಾಗುತ್ತದೆ, ಸಾಧನೆಯ ಜೊತೆ ಹೆಚ್ಚು ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಒಂದನೇ ತರಗತಿಯಲ್ಲಿ ಆ ಹೆಣಿಗೆ ಇನ್ನೂ ಸಡಿಲವಾಗಿಯೇ ಇರುತ್ತದೆ.

ಓದಿನ ವಿಷಯಕ್ಕೇ ಬಂದರೆ, ನ್ಯೂಜಿಲೆಂಡಿನಲ್ಲಿ ಚಾಪ್‌ಮನ್, ಟನ್ಮರ್ ಮತ್ತು ಪ್ರಾಚ್ನೋ 2000ದಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಬೇಕು. ಶಾಲೆಯ ಮೂರನೇ ವರ್ಷದಲ್ಲಿ ಕಲಿಕೆಯ ಬಗ್ಗೆ ತಮ್ಮನ್ನು ಕೀಳಾಗಿ ಕಂಡುಕೊಳ್ಳುತ್ತಿದ್ದ ಮಕ್ಕಳ ಹಿಂದಿನ ದಾಖಲೆಗಳನ್ನು ನೋಡಿದಾಗ, ಆ ಮಕ್ಕಳು ಶಾಲೆಗೆ ಕಾಲಿಟ್ಟಾಗಲೇ ಪದಗಳ ಒಳಗಿನ ದನಿಗಳನ್ನು ಬಿಡಿಸುವುದರಲ್ಲಿ ಮತ್ತು ಅಕ್ಷರಗಳ ಹೆಸರು ಹೇಳುವುದರಲ್ಲಿ ಹಿಂದಿದ್ದದ್ದು ಕಂಡುಬಂತು. ಎಳೆಬಿಸಿಲು ಅವರು ‘ಮರ’ ಎಂಬ ಪದದ ಪ್ರಶ್ನೆಯನ್ನು ಸುಮ್ಮನೆ ಕೇಳಿದ್ದಲ್ಲ.

ಹಳೆಯ ಹಾಜರಿ (ನಿವೃತ್ತ ಮುಖ್ಯೋಪಾಧ್ಯಾಯ)

ಇಷ್ಟು ಸುತ್ತಿ ಬಳಸುವ ಅಗತ್ಯ ನನಗೆ ಕಾಣುವುದಿಲ್ಲ. ಮಗುವಿಗೆ ಓದು ಕಲಿಸಿ. ಅದು ತನ್ನನ್ನು ಓದಬಲ್ಲವನೆಂದು ತಿಳಿಯುತ್ತದೆ. ಮನಸ್ಸನ್ನು ಮೊದಲು ಸರಿಪಡಿಸಿದರೆ ಕಲಿಕೆ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಒಂದು ಸರ್ಕಾರವೇ ಪ್ರಯೋಗ ಮಾಡಿ ನೋಡಿದೆ. ಕ್ಯಾಲಿಫೋರ್ನಿಯಾ ರಾಜ್ಯವು 1986ರಲ್ಲಿ ಆತ್ಮಗೌರವವನ್ನು ಬೆಳೆಸುವುದಕ್ಕೆಂದೇ ಕಾರ್ಯಪಡೆಯೊಂದನ್ನು ರಚಿಸಿತು; 1990ರಲ್ಲಿ ಅದರ ವರದಿ ಬಂತು; ಮಕ್ಕಳಿಗೆ ‘ನೀನು ವಿಶೇಷ’ ಎಂದು ಹೇಳಿಕೊಡುವ ಪಾಠಗಳು ಶಾಲೆಗಳಲ್ಲಿ ಹಬ್ಬಿದವು. 2003ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಜಾಲಿಸಿ ನೋಡಿದಾಗ, ಹೆಚ್ಚಿನ ಆತ್ಮಗೌರವದಿಂದ ಶಾಲೆಯ ಸಾಧನೆ ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಬದಲಾಗಿ ಒಳ್ಳೆಯ ಸಾಧನೆಯ ಫಲವಾಗಿಯೇ ಅಷ್ಟಿಷ್ಟು ಆತ್ಮಗೌರವ ಬರುತ್ತದೆ ಎಂಬಂತೆ ಕಂಡಿತು. ನಾನು ಸೇವೆಯಲ್ಲಿದ್ದಾಗ ಇಂಥ ಹೊಸ ಹೊಸ ಅಲೆಗಳು ಬಂದು ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಅವು ಬಂದಾಗಲೆಲ್ಲ ಕಾಗುಣಿತ ಕಲಿಸುವ ಹೊತ್ತು ಕಡಿಮೆಯಾಯಿತೇ ಹೊರತು ಬೇರೇನೂ ಆಗಲಿಲ್ಲ.

ತಿಳಿನೀರು (ಶಾಲಾ ಆಪ್ತಸಮಾಲೋಚಕಿ)

ಹಾಜರಿ ಸರ್, ತಾವು ಹೇಳಿದ ಸಂಗತಿಗಳು ಸರಿಯಾಗಿವೆ, ಅವುಗಳಿಂದ ತೆಗೆದ ತೀರ್ಮಾನ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಬೌಮೈಸ್ಟರ್ ಅವರು ಪರಿಶೀಲಿಸಿದ್ದು ಒಟ್ಟಾರೆ ಆತ್ಮಗೌರವವನ್ನು, ಅಂದರೆ ‘ನಾನು ಒಳ್ಳೆಯವನು, ಬೆಲೆಯುಳ್ಳವನು’ ಎಂಬ ಸಾಮಾನ್ಯ ಭಾವನೆಯನ್ನು. ಶಾವೆಲ್ಸನ್, ಹ್ಯೂಬ್ನರ್ ಮತ್ತು ಸ್ಟಾಂಟನ್ 1976ರಲ್ಲೇ ಸ್ವಪರಿಕಲ್ಪನೆ ಒಂದೇ ಗಟ್ಟಿಯಲ್ಲ, ಕಲಿಕೆಯ ಬಗ್ಗೆ, ಗೆಳೆತನದ ಬಗ್ಗೆ, ದೇಹದ ಬಗ್ಗೆ ಬೇರೆ ಬೇರೆ ಪದರಗಳಿವೆ ಎಂಬ ಮಾದರಿಯನ್ನು ಕೊಟ್ಟರು. ಒಂದು ಮಗು ‘ನಾನು ಓಟದಲ್ಲಿ ಮುಂದು, ಎಲ್ಲರಿಗೂ ನಾನೆಂದರೆ ಇಷ್ಟ, ಆದರೆ ನನಗೆ ಓದಲು ಬರುವುದಿಲ್ಲ’ ಎಂದು ಏಕಕಾಲಕ್ಕೆ ನಂಬಬಹುದು. ಹೊಸಪಾಟಿಯವರ ಮಗನ ಚಿತ್ರ ಇದೇ ಇರಬಹುದೆಂದು ಅವರ ವಿವರಣೆಯಿಂದಲೇ ತೋರುತ್ತದೆ. ಹೀಗಿರುವಾಗ ‘ನೀನು ತುಂಬ ಒಳ್ಳೆಯ ಹುಡುಗ’ ಎಂಬ ಹೊಗಳಿಕೆ ಅವನ ಓದಿನ ಪದರವನ್ನು ಮುಟ್ಟುವುದೇ ಇಲ್ಲ. ವ್ಯಾಲೆಂಟೈನ್, ಡುಬಾಯ್ಸ್ ಮತ್ತು ಕೂಪರ್ 2004ರಲ್ಲಿ ಹಲವು ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ತನ್ನ ಬಗೆಗಿನ ನಂಬಿಕೆಗಳು ಮುಂದಿನ ಸಾಧನೆಯ ಮೇಲೆ ಬೀರುವ ಪ್ರಭಾವ ಚಿಕ್ಕದೇ ಆದರೂ ಇದೆ, ಮತ್ತು ನಂಬಿಕೆ ಹಾಗೂ ಸಾಧನೆ ಎರಡನ್ನೂ ಒಂದೇ ವಿಷಯದಲ್ಲಿ ಅಳೆದಾಗ ಅದು ಹೆಚ್ಚು ಸ್ಪಷ್ಟವಾಗುತ್ತದೆ ಎಂದು ಕಂಡುಕೊಂಡರು.

ಚಿಕ್ಕ ಪ್ರಭಾವವೆಂದು ಅದನ್ನು ಬದಿಗೆ ಸರಿಸುವಂತೆಯೂ ಇಲ್ಲ. ಓದುವುದು ಕಷ್ಟವಾದ ಮಗು ಓದುವುದನ್ನು ತಪ್ಪಿಸುತ್ತದೆ. ತಪ್ಪಿಸಿದಷ್ಟೂ ಅಭ್ಯಾಸ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಜೊತೆಯವರು ಇನ್ನೂ ಮುಂದೆ ಹೋಗಿರುತ್ತಾರೆ. ಕೀತ್ ಸ್ಟಾನೊವಿಚ್ 1986ರಲ್ಲಿ ಓದಿನಲ್ಲಿ ಉಳ್ಳವರಿಗೇ ಮತ್ತಷ್ಟು ಸೇರುತ್ತಾ ಹೋಗುವ ಈ ಬಗೆಯನ್ನು ವಿವರವಾಗಿ ಬರೆದಿದ್ದಾರೆ. ಒಂದು ದಿನದ ಹಿಂಜರಿಕೆ ಲೆಕ್ಕಕ್ಕೆ ಬಾರದು, ದಿನದಿನದ ಹಿಂಜರಿಕೆ ಸೇರಿ ಒಂದು ವರ್ಷದ ಓದನ್ನೇ ನುಂಗಬಲ್ಲದು.

ಇನ್ನು ಹೊಗಳಿಕೆಯ ವಿಷಯ. ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಒಂದು ಕೆಲಸ ಚೆನ್ನಾಗಿ ಮಾಡಿದಾಗ ‘ನೀನು ಜಾಣ’ ಎಂದು ಹೊಗಳಿಸಿಕೊಂಡವರು ಮುಂದೆ ಸೋಲು ಎದುರಾದಾಗ ಬೇಗ ಕೈಚೆಲ್ಲಿದರು; ‘ಚೆನ್ನಾಗಿ ಶ್ರಮಪಟ್ಟೆ’ ಎಂದು ಕೇಳಿದವರು ಹೆಚ್ಚು ಹೊತ್ತು ಪ್ರಯತ್ನಿಸಿದರು. ಬ್ರಮ್ಮೆಲ್‌ಮನ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದು ಇನ್ನೂ ವಿಚಾರಮಾಡತಕ್ಕದ್ದು. ಆತ್ಮಗೌರವ ಕಡಿಮೆ ಇರುವ ಮಕ್ಕಳನ್ನೇ ದೊಡ್ಡವರು ಅತಿಯಾಗಿ ಹೊಗಳುತ್ತಾರೆ, ಮತ್ತು ಆ ಮಕ್ಕಳೇ ಅತಿ ಹೊಗಳಿಕೆಯ ನಂತರ ಕಷ್ಟದ ಕೆಲಸದಿಂದ ಹಿಂದೆ ಸರಿಯುತ್ತಾರೆ. ಆ ಮಕ್ಕಳು ಆರು ವರ್ಷದವರಲ್ಲ, ಸ್ವಲ್ಪ ದೊಡ್ಡವರು. ಆದರೂ ಹುರಿದುಂಬಿಸಬೇಕು ಎನ್ನುವ ತಾಯಿಯವರು ಇದನ್ನು ಒಮ್ಮೆ ಯೋಚಿಸಬೇಕೆಂದು ನನ್ನ ಕೋರಿಕೆ.

ಹಳೆಯ ಹಾಜರಿ

ಪದರಗಳ ಮಾತನ್ನು ಒಪ್ಪುತ್ತೇನೆ, ಅದು ನನ್ನ ಅನುಭವಕ್ಕೂ ಹೊಂದುತ್ತದೆ. ಡ್ವೆಕ್ ಅವರ ವಿಚಾರಗಳ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಇರಲಿ. ಅವರು ಒತ್ತಿ ಹೇಳುವ, ಶ್ರಮದಿಂದ ಸಾಮರ್ಥ್ಯ ಬೆಳೆಯುತ್ತದೆಂಬ ಮನೋಭಾವಕ್ಕೂ ಶೈಕ್ಷಣಿಕ ಸಾಧನೆಗೂ ಇರುವ ನಂಟು ಒಟ್ಟಾರೆ ದುರ್ಬಲವೆಂದು 2018ರಲ್ಲಿ ಸಿಸ್ಕ್ ಮತ್ತು ಇತರರ ಪರಿಶೀಲನೆಯೊಂದು ಹೇಳಿದೆ. ‘ಶ್ರಮಪಟ್ಟೆ’ ಎಂದು ದಿನವೂ ಹೇಳಿದರೂ ಅಕ್ಷರ ಕಲಿಸದಿದ್ದರೆ ಮಗು ಶ್ರಮಪಟ್ಟೂ ಬಾರದವನಾಗಿಯೇ ಉಳಿಯುತ್ತದೆ, ಅದು ಮತ್ತೂ ಕೆಟ್ಟದ್ದು.

ತಿಳಿನೀರು

ಇದರಲ್ಲಿ ತಮ್ಮೊಂದಿಗೆ ನನಗೆ ಭಿನ್ನಾಭಿಪ್ರಾಯವಿಲ್ಲ.

ಹೊಸಪಾಟಿ

ಎಲ್ಲರಿಗೂ ವಂದನೆಗಳು. ಎಳೆಬಿಸಿಲು ಮೇಡಂ ಹೇಳಿದಂತೆ ಕೇಳಿ ನೋಡಿದೆವು. ‘ಮರ’ದಂಥ ಪದಗಳನ್ನು ಬಿಡಿಸಿ ಹೇಳುತ್ತಾನೆ, ಒತ್ತಕ್ಷರವಿರುವ ಪದ ಬಂದರೆ ತಡವರಿಸುತ್ತಾನೆ. ‘ದಡ್ಡ’ ಎಂದವರು ಯಾರು ಎಂಬುದಕ್ಕೆ ಉತ್ತರ ಸಿಗಲಿಲ್ಲ. ನನಗೆ ಇನ್ನೊಂದು ಸಂದೇಹವಿದೆ. ಆರು ವರ್ಷದ ಮಗುವಿಗೆ ತನ್ನ ಬಗ್ಗೆ ಒಂದು ನಿಶ್ಚಿತ ಅಭಿಪ್ರಾಯ ಇರುತ್ತದೆ ಎಂದೇ ಹೇಗೆ ನಂಬುವುದು? ಅವನು ‘ನಾನು ದಡ್ಡ’ ಎನ್ನುವುದು ಪುಸ್ತಕದಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯವೂ ಆಗಿರಬಹುದಲ್ಲವೇ? ಸಂಶೋಧಕರು ಇದನ್ನು ಅಳೆಯುವುದಾದರೂ ಹೇಗೆ?

ಅಂಕಿಅಂಶ

ಬಹಳ ಸರಿಯಾದ ಸಂದೇಹ. ಈ ಕ್ಷೇತ್ರದ ಅತ್ಯಂತ ತೊಡಕಿನ ಭಾಗವೂ ಇದೇ. ಓದು ಬಾರದ ಮಗುವಿಗೆ ಲಿಖಿತ ಪ್ರಶ್ನಾವಳಿ ಕೊಡುವಂತಿಲ್ಲ. ‘ನೀನು ನಿನ್ನ ಬಗ್ಗೆ ಏನು ತಿಳಿದಿದ್ದೀಯ’ ಎಂದು ಕೇಳಿದರೆ ಅದು ತನ್ನ ಅಂಗಿಯ ಬಣ್ಣವನ್ನು ಹೇಳುತ್ತದೆ. ಸೂಸನ್ ಹಾರ್ಟರ್ ಮತ್ತು ರಾಬಿನ್ ಪೈಕ್ 1984ರಲ್ಲಿ ಇದಕ್ಕೆಂದು ಚಿತ್ರಗಳ ಮಾಪಕವೊಂದನ್ನು ರೂಪಿಸಿದರು. ಮಗುವಿನ ಮುಂದೆ ಎರಡು ಚಿತ್ರಗಳನ್ನು ಇಡುತ್ತಾರೆ: ಒಂದರಲ್ಲಿ ಒಂದು ಕೆಲಸವನ್ನು ಚೆನ್ನಾಗಿ ಮಾಡುವ ಮಗು, ಇನ್ನೊಂದರಲ್ಲಿ ಅಷ್ಟು ಚೆನ್ನಾಗಿ ಮಾಡದ ಮಗು. ‘ನೀನು ಯಾರ ಹಾಗೆ?’ ಎಂದು ಕೇಳುತ್ತಾರೆ. ಒಂದನ್ನು ಆರಿಸಿದ ಮೇಲೆ ‘ತುಂಬಾ ಹಾಗೆಯೋ, ಸ್ವಲ್ಪ ಹಾಗೆಯೋ’ ಎಂಬುದಕ್ಕೆ ದೊಡ್ಡ ವೃತ್ತ ಅಥವಾ ಚಿಕ್ಕ ವೃತ್ತವನ್ನು ಬೆರಳಿನಿಂದ ತೋರಿಸಬೇಕು. ಇದರಿಂದ ಕಲಿಕೆಯ ಸಾಮರ್ಥ್ಯ, ದೈಹಿಕ ಸಾಮರ್ಥ್ಯ, ಗೆಳೆಯರ ಒಪ್ಪಿಗೆ, ತಾಯಿಯ ಒಪ್ಪಿಗೆ ಎಂಬ ನಾಲ್ಕು ವಿಷಯಗಳಲ್ಲಿ ಮಗುವಿನ ಅನಿಸಿಕೆ ಸಿಗುತ್ತದೆ. ಎರಡು ಚಿತ್ರಗಳ ಉಪಾಯದ ಚೆಲುವು ಇರುವುದು, ಎರಡೂ ಬಗೆಯ ಮಕ್ಕಳು ಇರುತ್ತಾರೆ ಎಂದು ಅದು ಮಗುವಿಗೆ ಮೊದಲೇ ಒಪ್ಪಿಸಿಬಿಡುವುದರಲ್ಲಿ. ನಿಂದನೆಯ ಭಯವಿಲ್ಲದೆ ಮಗು ಆರಿಸುತ್ತದೆ.

ಹರ್ಬರ್ಟ್ ಮಾರ್ಷ್ ಮತ್ತು ಸಂಗಡಿಗರು 1991ರಲ್ಲಿ ಐದರಿಂದ ಎಂಟು ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮೌಖಿಕವಾಗಿ ಪ್ರಶ್ನಿಸಿದಾಗ, ಅಷ್ಟು ಚಿಕ್ಕವರಲ್ಲಿಯೂ ಓದು, ಗಣಿತ, ದೇಹ, ಗೆಳೆತನ ಇತ್ಯಾದಿ ಪದರಗಳು ಬೇರೆ ಬೇರೆಯಾಗಿ ಕಾಣುತ್ತವೆ ಎಂದು ತೋರಿಸಿದರು. ಸಿವೆಂಚೆಕ್, ಗ್ರೀನ್‌ವಾಲ್ಡ್ ಮತ್ತು ಮೆಲ್ಟ್‌ಜಾಫ್ 2016ರಲ್ಲಿ ಬಾಯಿಮಾತಿನ ಉತ್ತರವನ್ನೇ ಅವಲಂಬಿಸದ ಪರೋಕ್ಷ ವಿಧಾನವನ್ನು ಬಳಸಿ, ಐದು ವರ್ಷದ ಮಕ್ಕಳಲ್ಲೇ ತನ್ನ ಬಗೆಗಿನ ಒಳ್ಳೆಯ ಭಾವನೆ ದೊಡ್ಡವರಷ್ಟೇ ಬಲವಾಗಿರುವುದನ್ನು ಕಂಡರು.

ಇದನ್ನು ಮನೆಯಲ್ಲಿ ಮಾಪಕವಾಗಿ ಬಳಸಬೇಡಿ, ಆದರೆ ಕೇಳುವ ರೀತಿಯನ್ನು ಎರವಲು ಪಡೆಯಬಹುದು. ‘ಕೆಲವು ಮಕ್ಕಳಿಗೆ ಚಿಕ್ಕ ಪದ ಓದುವುದು ಸುಲಭ, ಕೆಲವರಿಗೆ ಕಷ್ಟ, ನಿನಗೆ ಹೇಗೆ?’, ‘ಕೆಲವರಿಗೆ ಮನೆಯಲ್ಲಿ ಓದುವುದು ಇಷ್ಟ, ತರಗತಿಯಲ್ಲಿ ಇಷ್ಟವಿಲ್ಲ; ನಿನಗೆ?’ ಎಂದು ಬಿಡಿಬಿಡಿಯಾಗಿ ಕೇಳಿ. ತಪ್ಪಿಸಿಕೊಳ್ಳುವ ಉಪಾಯವಾಗಿದ್ದರೆ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಬರುತ್ತದೆ. ನಿಜವಾದ ಅನಿಸಿಕೆಯಾಗಿದ್ದರೆ ಪ್ರಶ್ನೆಗೊಂದು ಉತ್ತರ ಬರುವ ಸಂಭವ ಹೆಚ್ಚು.

ನೀಲಿ ಶಾಯಿ (ಇಬ್ಬರು ಮಕ್ಕಳ ತಾಯಿ)

ಚರ್ಚೆಗೆ ಸ್ವಲ್ಪ ಬದಿಯ ವಿಷಯವಾದರೂ ಹೇಳಬೇಕೆನಿಸಿತು. ಬಿಯಾನ್, ಲೆಸ್ಲಿ ಮತ್ತು ಸಿಂಪಿಯನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷದ ಹುಡುಗಿಯರು ‘ತುಂಬಾ ತುಂಬಾ ಬುದ್ಧಿವಂತರು’ ಎಂದರೆ ಹುಡುಗರಷ್ಟೇ ಸಲೀಸಾಗಿ ತಮ್ಮ ಕಡೆಯವರನ್ನು, ಅಂದರೆ ಹೆಣ್ಣುಮಕ್ಕಳನ್ನು, ತೋರಿಸಿದರೆ, ಆರನೇ ವಯಸ್ಸಿನ ಹೊತ್ತಿಗೆ ಹುಡುಗಿಯರಲ್ಲಿ ಅದು ಕಡಿಮೆಯಾಗಿತ್ತು. ಆ ಹುಡುಗಿಯರ ಶಾಲೆಯ ಸಾಧನೆಯೇನೂ ಕಡಿಮೆಯಿಲ್ಲ ಎಂಬುದು ಮಕ್ಕಳಿಗೆ ಗೊತ್ತೂ ಇತ್ತು. ಹಾಗಾದರೆ ಸಾಧನೆ ಬಂದರೆ ಸ್ವಪರಿಕಲ್ಪನೆ ತಾನಾಗಿ ಬರುತ್ತದೆ ಎಂಬ ಮಾತು ಎಲ್ಲ ಕಡೆಯೂ ನಿಲ್ಲುವುದಿಲ್ಲ. ಸುತ್ತಲಿನವರು ಹೇಳದೆಯೂ ಹೇಳುವ ಸಂಗತಿಗಳನ್ನು ಮಕ್ಕಳು ಆ ವಯಸ್ಸಿನಲ್ಲೇ ಹೆಕ್ಕಿಕೊಳ್ಳುತ್ತಾರೆ.

ಎಳೆಬಿಸಿಲು

ಬದಿಯ ವಿಷಯವೇನಲ್ಲ, ನಾನು ಹೇಳಬೇಕೆಂದಿದ್ದಕ್ಕೆ ಅದೇ ದಾರಿ. ಡೈಯನ್ ರೂಬಲ್ ಮತ್ತು ಸಂಗಡಿಗರು 1980ರಲ್ಲಿ, ಏಳೆಂಟು ವರ್ಷಕ್ಕೆ ಮೊದಲು ಮಕ್ಕಳು ಬೇರೆಯವರ ಫಲಿತಾಂಶವನ್ನು ತಮ್ಮ ಸಾಮರ್ಥ್ಯ ಅಳೆಯಲು ಅಷ್ಟಾಗಿ ಬಳಸುವುದಿಲ್ಲ ಎಂದು ತೋರಿಸಿದರು. ಇದರ ಅರ್ಥ ನನಗೆ ಹೀಗೆ ಕಾಣುತ್ತದೆ: ಮೊದಲ ಎರಡು ತರಗತಿಗಳಲ್ಲಿ ಹೋಲಿಕೆಯನ್ನು ಮಾಡುವುದು ಮಕ್ಕಳಿಗಿಂತ ಹೆಚ್ಚಾಗಿ ನಾವು. ಓದುವವರನ್ನು ಒಂದು ಗುಂಪು, ಓದದವರನ್ನು ಒಂದು ಗುಂಪು ಮಾಡಿ ಎರಡಕ್ಕೂ ಹೂವಿನ ಹೆಸರೋ ಹಕ್ಕಿಯ ಹೆಸರೋ ಕೊಟ್ಟರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂದು ತಿಳಿಯುವುದು ನಮ್ಮ ಭ್ರಮೆ. ಶಿಕ್ಷಕರು ಮುಂದಿರುವವರನ್ನು ಒಂದು ಬಗೆಯಲ್ಲಿ, ಹಿಂದಿರುವವರನ್ನು ಇನ್ನೊಂದು ಬಗೆಯಲ್ಲಿ ಕಾಣುತ್ತಾರೆಂಬುದನ್ನು ಪ್ರಾಥಮಿಕ ತರಗತಿಗಳ ಮಕ್ಕಳೇ ಗುರುತಿಸಿ ವಿವರಿಸಬಲ್ಲರೆಂದು ರೋನಾ ವೈನ್‌ಸ್ಟೈನ್ ಅವರ ಕೆಲಸ ತೋರಿಸುತ್ತದೆ. ಹೇಮನ್, ಡ್ವೆಕ್ ಮತ್ತು ಕೇನ್ 1992ರಲ್ಲಿ ಐದಾರು ವರ್ಷದ ಮಕ್ಕಳೊಂದಿಗೆ ಆಟದ ರೂಪದಲ್ಲಿ ಒಂದು ಸನ್ನಿವೇಶವನ್ನು ಅಭಿನಯಿಸಿದರು: ಮಗು ಆಸೆಯಿಂದ ಮಾಡಿದ ಕೆಲಸದಲ್ಲಿ ಶಿಕ್ಷಕರು ಒಂದು ತಪ್ಪನ್ನು ಎತ್ತಿ ತೋರಿಸುತ್ತಾರೆ. ಗಣನೀಯ ಪಾಲಿನ ಮಕ್ಕಳು ಆ ಒಂದು ಟೀಕೆಯಿಂದ ತಮ್ಮ ಕೆಲಸವನ್ನಷ್ಟೇ ಅಲ್ಲ, ತಮ್ಮ ಒಳ್ಳೆಯತನವನ್ನೇ ಶಂಕಿಸಿದರು.

ವಯಸ್ಸಿನ ಅಂತರವನ್ನೂ ಮರೆಯಬಾರದು. ಒಂದೇ ತರಗತಿಯಲ್ಲಿ ಹಿರಿಯ ಮತ್ತು ಕಿರಿಯ ಮಗುವಿನ ನಡುವೆ ಹನ್ನೊಂದು ತಿಂಗಳ ವ್ಯತ್ಯಾಸ ಇರಬಹುದು. ಆರು ವರ್ಷದ ಮಗುವಿಗೆ ಅದು ಬದುಕಿನ ಆರನೇ ಒಂದು ಭಾಗಕ್ಕೆ ಹತ್ತಿರ. ಕಿರಿಯ ಮಗು ತಾನು ನಿಧಾನ ಎಂದು ತಿಳಿಯುವುದು ಬರೀ ಹುಟ್ಟಿದ ತಿಂಗಳ ಫಲವಾಗಿರಬಹುದು. ಹೊಸಪಾಟಿಯವರೇ, ನಿಮ್ಮ ಮಗ ತರಗತಿಯ ಕಿರಿಯರಲ್ಲಿ ಒಬ್ಬನೇ ಎಂದು ನೋಡಿ.

ಹಳೆಯ ಹಾಜರಿ

ಹೋಲಿಕೆಯನ್ನು ಕಡಿಮೆ ಮಾಡಿ ಎಂಬುದು ಸರಿ. ಆದರೆ ಅದನ್ನೇ ನೆಪ ಮಾಡಿಕೊಂಡು ಪೋಷಕರಿಂದ ವಸ್ತುಸ್ಥಿತಿಯನ್ನು ಮುಚ್ಚಿಡುವ ಶಾಲೆಗಳೂ ಇವೆ. ಎಲ್ಲ ಮಕ್ಕಳ ವರದಿಯಲ್ಲಿ ‘ಉತ್ತಮ ಪ್ರಗತಿ’ ಎಂದು ಬರೆದು, ಮೂರನೇ ತರಗತಿಯಲ್ಲಿ ಒಮ್ಮೆಲೇ ‘ನಿಮ್ಮ ಮಗುವಿಗೆ ಓದಲು ಬರುವುದಿಲ್ಲ’ ಎಂದರೆ ಪೋಷಕರು ಏನು ಮಾಡಬೇಕು? ಜೇಕಬ್ಸ್, ಎಕಲ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದಂತೆ ಒಂದನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗೆ ಮಕ್ಕಳ ಸಾಮರ್ಥ್ಯದ ನಂಬಿಕೆ ಒಟ್ಟಾರೆ ಇಳಿಯುತ್ತಲೇ ಹೋಗುತ್ತದೆ. ಆರಂಭದ ಉತ್ಪ್ರೇಕ್ಷೆ ಇಳಿಯುವುದು ಬೆಳವಣಿಗೆಯ ಭಾಗ. ಅದಕ್ಕೆ ದೊಡ್ಡವರು ಹೆದರಬೇಕಾಗಿಲ್ಲ. ಮಗುವಿಗೆ ಗುಂಪಿನ ಸ್ಥಾನ ತಿಳಿಯಬೇಕಿಲ್ಲ, ತಂದೆತಾಯಿಗೆ ಮಾತ್ರ ಯಾವ ಅಕ್ಷರ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ತಿಂಗಳಿಗೊಮ್ಮೆಯಾದರೂ ತಿಳಿಯಲೇಬೇಕು.

ಎಳೆಬಿಸಿಲು

ಹಾಜರಿ ಸರ್ ಅವರ ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಮ್ಮ ವರದಿಗಳಲ್ಲಿ ವಿಶೇಷಣಗಳು ಹೆಚ್ಚು, ವಿವರ ಕಡಿಮೆ.

ಹೊಸಪಾಟಿ

ಬಿಡಿಬಿಡಿಯಾಗಿ ಕೇಳಿದೆವು, ಪ್ರಶ್ನೆಗೊಂದು ಉತ್ತರ ಬಂತು. ಚಿಕ್ಕ ಪದಗಳು ‘ಸ್ವಲ್ಪ ಸುಲಭ’. ಮನೆಯಲ್ಲಿ ಅಮ್ಮನ ಜೊತೆ ಓದುವುದು ‘ಪರವಾಗಿಲ್ಲ’. ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದುವುದಕ್ಕೆ ಮಾತ್ರ ಮುಖ ತಿರುಗಿಸಿದ. ಸರದಿಯಂತೆ ಒಬ್ಬೊಬ್ಬರು ಒಂದು ಸಾಲು ಓದಬೇಕಂತೆ. ತಡವರಿಸಿದರೆ ಪಕ್ಕದವರು ಹೇಳಿಕೊಟ್ಟು ನಗುತ್ತಾರಂತೆ. ಹುಟ್ಟಿದ ದಿನಾಂಕದ ಪ್ರಕಾರ ಅವನು ತರಗತಿಯ ಕಿರಿಯರಲ್ಲೇ ಬರುತ್ತಾನೆ. ಈಗ ಯಾವುದರಿಂದ ಆರಂಭಿಸಬೇಕು?

ತಿಳಿನೀರು

ಹಾಗಾದರೆ ನಿಮ್ಮಿಬ್ಬರ ಅಭಿಪ್ರಾಯಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾದ ಪ್ರಸಂಗವೇ ಇಲ್ಲಿಲ್ಲ. ಅವನ ‘ಬರಲ್ಲ’ ಎಂಬ ಮಾತಿನಲ್ಲಿ ಒತ್ತಕ್ಷರದ ತೊಡಕು ಒಂದು, ಎಲ್ಲರೆದುರು ನಗೆಗೀಡಾಗುವ ಭಯ ಒಂದು, ಎರಡೂ ಸೇರಿವೆ. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ತರಗತಿಯ ಏರ್ಪಾಡು ಬದಲಾಗಬೇಕು. ತರಗತಿ ಶಿಕ್ಷಕರನ್ನು ಭೇಟಿಯಾಗಿ ದೂರಿನ ಧಾಟಿಯಿಲ್ಲದೆ ಒಂದೇ ಒಂದು ಕೋರಿಕೆ ಇಡಿ: ಸದ್ಯಕ್ಕೆ ಇವನ ಸರದಿಯ ಸಾಲನ್ನು ಹಿಂದಿನ ದಿನವೇ ತಿಳಿಸಲಿ. ಅದನ್ನು ಅವನು ಮನೆಯಲ್ಲಿ ಓದಿ ರೂಢಿಮಾಡಿಕೊಂಡು ಹೋಗಲಿ. ಸರದಿಯಿಂದ ಅವನನ್ನು ಬಿಟ್ಟುಬಿಡಿ ಎಂದು ಮಾತ್ರ ಕೇಳಬೇಡಿ. ಬಿಟ್ಟುಬಿಟ್ಟರೆ ಅವನ ಅನುಮಾನವೇ ಖಚಿತವಾಗುತ್ತದೆ.

ಮನೆಯಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಹೆಚ್ಚಿನ ಪದಗಳು ಗೊತ್ತಿರುವ, ಅಲ್ಲೊಂದು ಇಲ್ಲೊಂದು ಹೊಸ ಒತ್ತಕ್ಷರ ಬರುವ ಸಾಲುಗಳನ್ನು ಆರಿಸಿಕೊಳ್ಳಿ. ಸರಿಯಾಗಿ ಓದಿದಾಗ ‘ಜಾಣ’ ಎನ್ನುವ ಬದಲು ಆಗಿದ್ದನ್ನೇ ಹೇಳಿ: ‘ಮೊನ್ನೆ ಈ ಅಕ್ಷರದ ಹತ್ತಿರ ನಿಂತುಬಿಟ್ಟಿದ್ದೆ, ಇವತ್ತು ನಿಲ್ಲಲಿಲ್ಲ.’ ಇದು ಹೊಗಳಿಕೆಯಂತೆ ಕೇಳದಿದ್ದರೂ ಅವನು ಅಲ್ಲಗಳೆಯಲಾಗದ ಸಂಗತಿ. ‘ನಾನು ದಡ್ಡ’ ಎಂದಾಗ ‘ಇಲ್ಲ, ನೀನು ಜಾಣ’ ಎಂದು ವಾದಕ್ಕೆ ನಿಲ್ಲಬೇಡಿ. ‘ಯಾವ ಪದ ಕಷ್ಟವಾಯಿತು, ತೋರಿಸು’ ಎಂದು ಕೇಳಿದರೆ ಮಾತು ವ್ಯಕ್ತಿಯಿಂದ ಪದಕ್ಕೆ ಇಳಿಯುತ್ತದೆ.

ಎಳೆಬಿಸಿಲು

ಪಟ್ಟು ಹಿಡಿದು ಕೂರಿಸುವ ವಿಷಯದಲ್ಲಿ ತಂದೆಯವರಿಗೆ ಒಂದು ಮಾತು. ಅವನು ಬೇಸತ್ತ ಮೇಲೆ ನಿಲ್ಲಿಸಬೇಡಿ, ಬೇಸರ ಬರುವ ಮುಂಚೆಯೇ ಗೊತ್ತಿರುವ ಒಂದು ಸಾಲಿನಲ್ಲಿ ಮುಗಿಸಿ. ಅಳುತ್ತಾ ಮುಗಿದ ಓದು ಮರುದಿನದ ಓದಿಗೆ ಅಡ್ಡಿಯಾಗುತ್ತದೆ.

ಅಂಕಿಅಂಶ

ಫಲವನ್ನು ಯಾವುದರಲ್ಲಿ ನೋಡಬೇಕೆಂಬುದನ್ನು ಹೇಳಿ ನನ್ನ ಮಾತು ಮುಗಿಸುತ್ತೇನೆ. ‘ನಾನು ಜಾಣ’ ಎಂದು ಅವನು ಹೇಳಲಿ ಎಂದು ಕಾಯಬೇಡಿ. ಆ ವಯಸ್ಸಿನಲ್ಲಿ ಬಾಯಿಮಾತು ದಿನಕ್ಕೊಂದು ಬಗೆಯಾಗುತ್ತದೆ. ತಪ್ಪಾದ ಪದಕ್ಕೆ ತಾನಾಗಿ ಮರಳಿ ಹೋಗುತ್ತಾನೆಯೇ, ಪುಸ್ತಕ ಕಂಡಾಗ ಏಳುವುದು ಕಡಿಮೆಯಾಗಿದೆಯೇ, ಹೊಸ ಒತ್ತಕ್ಷರಗಳಲ್ಲಿ ಎಷ್ಟು ಗುರುತಿಸುತ್ತಾನೆ ಎಂಬುದನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಮೊದಲಿಗೆ ಕಣ್ಣು ಮತ್ತು ಕಿವಿಯ ತಪಾಸಣೆ ಆಗಿಲ್ಲದಿದ್ದರೆ ಅದನ್ನು ಮಾಡಿಸಿ. ಕ್ರಮವಾಗಿ ಕಲಿಸಿದ ಮೇಲೂ ಕೆಲವು ತಿಂಗಳಲ್ಲಿ ಅಕ್ಷರಗಳ ಗುರುತಿಸುವಿಕೆ ಮುಂದೆ ಸಾಗದಿದ್ದರೆ, ಎರಡನೇ ತರಗತಿಗೆ ಹೋಗಲಿ, ನೋಡೋಣ ಎಂದು ಕಾಯದೆ, ಓದಿನ ತೊಂದರೆಗಳನ್ನು ಪರೀಕ್ಷಿಸುವ ತಜ್ಞರ ಬಳಿ ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ.

ಹೊಸಪಾಟಿ

ಸೋಮವಾರ ಶಿಕ್ಷಕರನ್ನು ಭೇಟಿಯಾಗಲು ಸಮಯ ಕೇಳಿದ್ದೇವೆ, ಇಬ್ಬರೂ ಹೋಗುತ್ತಿದ್ದೇವೆ. ಸರದಿಯ ಸಾಲಿನ ಕೋರಿಕೆಯನ್ನು ಪತ್ನಿ ಇಡುತ್ತಾರೆ. ಒತ್ತಕ್ಷರಗಳ ಹಾಳೆಯನ್ನು ನಾನು ಇವತ್ತೇ ಆರಂಭಿಸಿದ್ದೇನೆ.